ಉಪ್ಪಿನ ಬೆಣ್ಣೆಯೋ ಸಪ್ಪೆ ಬೆಣ್ಣೆಯೋ: ದಾವಣಗೆರೆಯ ಒಂದು ಅಡುಗೆಮನೆಯ ಲೆಕ್ಕ

ಫ್ರಿಜ್‌ನಲ್ಲಿ ಒಂದೇ ಬೆಣ್ಣೆ ಇಡುವುದಾದರೆ ಸಪ್ಪೆ ಬೆಣ್ಣೆ ಇಡಿ. ಅಂಗಡಿಯಲ್ಲಿ ಅನ್‌ಸಾಲ್ಟೆಡ್ ಅಂತ ಕೇಳಿ ತರಬೇಕು, ಸುಮ್ನೆ ಬೆಣ್ಣೆ ಅಂದರೆ ಉಪ್ಪಿನದ್ದೇ ಕೈಗೆ ಬರುತ್ತದೆ. ಮನೆಯಲ್ಲಿ ಕೇಕ್, ಬಿಸ್ಕತ್ತು ಮಾಡುವವರಾದರೆ ಇದರಲ್ಲಿ ಎರಡನೇ ಮಾತಿಲ್ಲ. ಉಪ್ಪಿನ ಬೆಣ್ಣೆ ಕೆಟ್ಟದ್ದು ಅಂತಲ್ಲ. ಬ್ರೆಡ್ಡಿಗೆ, ಪಾವ್ ಭಾಜಿಗೆ ಅದರ ರುಚಿಯೇ ಬೇರೆ. ಆದರೆ ಅದನ್ನು ಎಲ್ಲದಕ್ಕೂ ಬಳಸಲು ಹೋದರೆ ಕೆಲವು ಕಡೆ ಅಡುಗೆ ಕೈ ತಪ್ಪುತ್ತದೆ. ಎಲ್ಲೆಲ್ಲಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಕೇಕ್, ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು ಮಾಡಿಕೊಡುತ್ತೇನೆ. ಹೆಚ್ಚಿನವು ಮೊಟ್ಟೆ ಇಲ್ಲದವು. ಮೊಟ್ಟೆ ಇಲ್ಲದ ಕಡೆ ಬೆಣ್ಣೆಯ ಗುಣ ಇನ್ನೂ ಎದ್ದು ಕಾಣುತ್ತದೆ. ಮನೆಯಲ್ಲಿ ಅತ್ತೆಯವರಿಗೆ ಜೋಳದ ರೊಟ್ಟಿ ಜೊತೆ ಬೆಣ್ಣೆ ಬೇಕೇ ಬೇಕು. ಮಗಳಿಗೆ ಬೆಳಗ್ಗೆ ಬ್ರೆಡ್ಡಿಗೆ ಬೇಕು. ಮಾವನವರಿಗೆ ಬಿಪಿ ಇದೆ, ಆದರೂ ದೋಸೆ ಮೇಲೆ ಸ್ವಲ್ಪ ಇರಲೇಬೇಕು. ಹೀಗಾಗಿ ನಮ್ಮಲ್ಲಿ ಮೂರು ಬೆಣ್ಣೆ ಓಡಾಡುತ್ತವೆ: ಅಮುಲ್‌ನ ಉಪ್ಪಿನ ಬೆಣ್ಣೆ, ನಂದಿನಿಯ ಸಪ್ಪೆ ಬೆಣ್ಣೆ, ಮತ್ತೆ ಹಳ್ಳಿಯಿಂದ ತಂದು ಮಾರುವವರ ಹತ್ತಿರ ಕೊಳ್ಳುವ ಬಿಡಿ ಬೆಣ್ಣೆ. ಮೂರನ್ನೂ ದಿನಾ ಮುಟ್ಟುತ್ತೇನೆ, ಹಾಗಾಗಿ ಮೂರರ ಬಗ್ಗೆಯೂ ಹೇಳುತ್ತೇನೆ.

ಮೊದಲು ಪ್ಯಾಕೆಟ್‌ನ ಹಿಂಭಾಗ ಓದಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಟೇಬಲ್ ಬಟರ್ ಅಂತ ಮಾರುವುದರಲ್ಲಿ ಹಾಲಿನ ಕೊಬ್ಬು ಕನಿಷ್ಠ ನೂರಕ್ಕೆ 80 ಇರಬೇಕು. ನೀರು 16 ದಾಟಬಾರದು, ಉಪ್ಪು 3 ದಾಟಬಾರದು. ಅಂದರೆ ನೂರು ಗ್ರಾಂ ಬೆಣ್ಣೆ ತಂದರೆ ಅದರಲ್ಲಿ ಹೆಚ್ಚುಕಮ್ಮಿ ಆರನೇ ಒಂದು ಪಾಲು ನೀರೇ ಇರಬಹುದು. ಇದರಲ್ಲಿ ಮೋಸ ಏನೂ ಇಲ್ಲ, ಬೆಣ್ಣೆ ಇರುವುದೇ ಹಾಗೆ. ಉಪ್ಪು ಹಾಕಿದ್ದರೆ ಅದು ಈ ನೀರಿನಲ್ಲಿ ಕರಗಿಕೊಂಡಿರುತ್ತದೆ, ಕೊಬ್ಬಿನಲ್ಲಿ ಅಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಮುಂದೆ ಹೇಳುವ ಅರ್ಧ ಮಾತು ತಾನಾಗೇ ಅರ್ಥವಾಗುತ್ತದೆ.

ಅಮುಲ್ ಉಪ್ಪಿನ ಬೆಣ್ಣೆಯ ಪ್ಯಾಕೆಟ್ ಮೇಲೆ ನೂರು ಗ್ರಾಂಗೆ ಸೋಡಿಯಂ 836 ಮಿಲಿಗ್ರಾಂ ಅಂತ ಇದೆ. ಸೋಡಿಯಂ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಸುಮಾರು 2 ಗ್ರಾಂ ಉಪ್ಪು. ಟೀ ಚಮಚದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಕೇಳಲು ಚಿಕ್ಕದು, ಅಲ್ವಾ? ಯಾವ ಅಡುಗೆಗೆ ಎಷ್ಟು ಬೆಣ್ಣೆ ಹೋಗುತ್ತದೆ ಅನ್ನುವುದರ ಮೇಲೆ ಅದು ಚಿಕ್ಕದೋ ದೊಡ್ಡದೋ ಅನ್ನುವುದು ನಿಂತಿದೆ.

ಬೆಣ್ಣೆ ಬಿಸ್ಕತ್ತನ್ನೇ ತೆಗೆದುಕೊಳ್ಳಿ. ನನ್ನ ಅಳತೆ: 100 ಗ್ರಾಂ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, 150 ಗ್ರಾಂ ಮೈದಾ. ಬೇರೇನೂ ಇಲ್ಲ, ಒಂದು ಚಿಟಿಕೆ ಏಲಕ್ಕಿ ಅಷ್ಟೇ. ಒಟ್ಟು ಮುನ್ನೂರು ಗ್ರಾಂ ಹಿಟ್ಟಿನಲ್ಲಿ ನೂರು ಗ್ರಾಂ ಬೆಣ್ಣೆಯೇ. ಉಪ್ಪಿನ ಬೆಣ್ಣೆ ಹಾಕಿದರೆ 2 ಗ್ರಾಂ ಉಪ್ಪು ಆ ಚಿಕ್ಕ ಹಿಟ್ಟಿಗೆ ಇಳಿಯುತ್ತದೆ. ಬಿಸ್ಕತ್ತು ಬಾಯಿಗಿಟ್ಟ ಕೂಡಲೇ ನಾಲಿಗೆಗೆ ಮೊದಲು ಉಪ್ಪು ಸಿಗುತ್ತದೆ, ಹಿಂದಿನಿಂದ ಸಿಹಿ ಬರುತ್ತದೆ, ಏಲಕ್ಕಿ ಎಲ್ಲೋ ಮರೆಯಾಗಿಬಿಡುತ್ತದೆ. ಸಪ್ಪೆ ಬೆಣ್ಣೆಯಲ್ಲಿ ಮಾಡಿದ್ದು ಹಾಗಲ್ಲ. ಮುರಿದಾಗಲೇ ಬೆಣ್ಣೆಯ ವಾಸನೆ ಬರುತ್ತದೆ, ಬಾಯಲ್ಲಿ ಹಾಲಿನ ರುಚಿ ನಿಲ್ಲುತ್ತದೆ, ಏಲಕ್ಕಿ ಕೊನೆವರೆಗೂ ಇರುತ್ತದೆ. ಉಪ್ಪಿನ ಬೆಣ್ಣೆಯದ್ದೇ ಇಷ್ಟ ಅನ್ನುವ ಗಿರಾಕಿಗಳೂ ನನಗಿದ್ದಾರೆ, ಅವರಿಗೆ ಹಾಗೇ ಮಾಡಿಕೊಡುತ್ತೇನೆ. ಆದರೆ ಬೆಣ್ಣೆ ಬಿಸ್ಕತ್ತು ಅಂತ ಹೆಸರಿಟ್ಟ ಮೇಲೆ ಬೆಣ್ಣೆಯೇ ಮುಂದೆ ನಿಲ್ಲಬೇಕು ಅನ್ನುವುದು ನನ್ನ ಹಟ.

ಸಪ್ಪೆ ಬೆಣ್ಣೆ ಹಾಕಿದಾಗ ಒಂದು ಚಿಟಿಕೆ ಉಪ್ಪನ್ನು ಮರೆಯಬೇಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಿಹಿಗೆ ಉಪ್ಪೇಕೆ ಅಂತ ಕೇಳುತ್ತಾರೆ. ಹಬ್ಬದ ಹೋಳಿಗೆಯ ಕಣಕಕ್ಕೆ, ಪಾಯಸಕ್ಕೆ ನಮ್ಮ ಹಿರಿಯರು ಒಂದು ಹರಳು ಉಪ್ಪು ಹಾಕುತ್ತಿದ್ದದ್ದು ಇದಕ್ಕೇ. ಉಪ್ಪು ಪೂರ್ತಿ ಇಲ್ಲದಿದ್ದರೆ ಸಿಹಿ ಬರೀ ಸಿಹಿಯಾಗಿ ಉಳಿಯುತ್ತದೆ, ರುಚಿ ಮೇಲೆ ಏಳುವುದಿಲ್ಲ. ಸಪ್ಪೆ ಬೆಣ್ಣೆ ಕೊಳ್ಳುವುದು ಉಪ್ಪು ಬೇಡ ಅಂತಲ್ಲ, ಎಷ್ಟು ಬೇಕು ಅನ್ನುವುದನ್ನು ನಾವೇ ತೀರ್ಮಾನಿಸುವುದಕ್ಕೆ.

ಖಾರಾ ಬಿಸ್ಕತ್ತಿಗೆ ಬಂದರೆ ಮಾತೇ ಬೇರೆ. ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ ಎಲ್ಲ ಬೀಳುವ ಹಿಟ್ಟಿಗೆ ಹೇಗೂ ಉಪ್ಪು ಬೇಕು. ಅಲ್ಲಿ ಉಪ್ಪಿನ ಬೆಣ್ಣೆ ಹಾಕಿ, ಮೇಲೆ ಹಾಕುವ ಉಪ್ಪನ್ನು ಆ ಲೆಕ್ಕದಲ್ಲಿ ಕಡಿಮೆ ಮಾಡಿದರೆ ಮುಗಿಯಿತು. ಬನ್, ಪಾವ್ ಮಾಡುವಾಗಲೂ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಕೆಜಿ ಮೈದಾಕ್ಕೆ ಸುಮಾರು 10 ಗ್ರಾಂ ಉಪ್ಪು ಹಾಕುತ್ತೇವೆ, ಬೆಣ್ಣೆ ಹಾಕುವುದು 30 ಗ್ರಾಂ. ಅದರಿಂದ ಬರುವ ಉಪ್ಪು ಒಂದು ಗ್ರಾಂ ಕೂಡ ಇಲ್ಲ. ಯಾವ ಬೆಣ್ಣೆ ಇದೆಯೋ ಅದನ್ನೇ ಹಾಕಿ.

ಉಪ್ಪಿನ ಬೆಣ್ಣೆಯನ್ನು ಹತ್ತಿರಕ್ಕೂ ತರಬಾರದ ಜಾಗ ಅಂದರೆ ಬಟರ್‌ಕ್ರೀಮ್. ಕೇಕ್ ಮೇಲೆ ಬಳಿಯುವುದಕ್ಕೆ 250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಶುಗರ್ ಹಾಕಿ ಬೀಟ್ ಮಾಡುತ್ತೇವೆ. ಉಪ್ಪಿನ ಬೆಣ್ಣೆಯಾದರೆ ಅದರಲ್ಲಿ 5 ಗ್ರಾಂ ಉಪ್ಪು ಇರುತ್ತದೆ, ಹೆಚ್ಚುಕಮ್ಮಿ ಒಂದು ಟೀ ಚಮಚ. ಅದನ್ನು ಬೇಯಿಸುವುದೂ ಇಲ್ಲ, ಬೇರೆ ಹಿಟ್ಟಿನಲ್ಲಿ ಕಲೆಸುವುದೂ ಇಲ್ಲ, ನೇರ ನಾಲಿಗೆಗೆ ಹೋಗುತ್ತದೆ. ಮಕ್ಕಳು ಕ್ರೀಮ್ ಬೆರಳಲ್ಲಿ ತೆಗೆದು ನೆಕ್ಕಿ ಮುಖ ಕಿವುಚುತ್ತಾರೆ. ಬಣ್ಣದ್ದೂ ಒಂದು ತೊಂದರೆ ಇದೆ. ಅಮುಲ್ ಉಪ್ಪಿನ ಬೆಣ್ಣೆಗೆ ಅನ್ನಾಟೊ ಅನ್ನುವ ಬೀಜದ ಬಣ್ಣ ಹಾಕಿರುತ್ತಾರೆ, ಪ್ಯಾಕೆಟ್ ಮೇಲೆ ಬರೆದಿದೆ. ಆ ಹಳದಿ ಬ್ರೆಡ್ ಮೇಲೆ ಚೆಂದ. ಆದರೆ ಬಿಳಿ ಕ್ರೀಮ್ ಬೇಕು ಅಂದ ಗಿರಾಕಿಗೆ ಅದರಲ್ಲಿ ಬಿಳಿ ಕೊಡಲು ಆಗುವುದಿಲ್ಲ. ತಿಳಿ ನೀಲಿ ಬೇಕು ಅಂದರೆ ಹಸಿರು ಬರುತ್ತದೆ. ಸಪ್ಪೆ ಬೆಣ್ಣೆಯಲ್ಲೂ ಹಸುವಿನ ಹಾಲಿನದ್ದು ಸ್ವಲ್ಪ ಹಳದಿ ಇರುತ್ತದೆ, ಎಮ್ಮೆ ಹಾಲಿನದ್ದು ಬೆಳ್ಳಗೆ. ಆದರೆ ಆ ತಿಳಿ ಹಳದಿ ಚೆನ್ನಾಗಿ ಬೀಟ್ ಮಾಡಿದರೆ ಬಹುತೇಕ ಹೋಗುತ್ತದೆ.

ನಂದಿನಿ ಸಪ್ಪೆ ಬೆಣ್ಣೆಯನ್ನು ನಾನು ಕೇಕಿಗೆ ಖಾಯಂ ಮಾಡಿಕೊಂಡದ್ದು ಇದಕ್ಕೇ. ರುಚಿ ತಣ್ಣಗಿದೆ, ಹುಳಿ ಇಲ್ಲ. ಫ್ರಿಜ್‌ನಿಂದ ತೆಗೆದಾಗ ಗಟ್ಟಿ ಇರುತ್ತದೆ, ಚಾಕುವಿನಿಂದ ಚೌಕ ಚೌಕ ಕತ್ತರಿಸಿ ತೂಕ ಹಾಕಬಹುದು. ಸಕ್ಕರೆ ಜೊತೆ ಬೀಟ್ ಮಾಡಿದರೆ ಬೇಗ ಹಗುರಾಗುತ್ತದೆ, ಬಣ್ಣ ಬಿಳುಪಿಗೆ ತಿರುಗುತ್ತದೆ. ಅರ್ಧ ಕೆಜಿ ಪ್ಯಾಕ್ ತರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಾಗ ಈ ಪ್ಯಾಕ್ 305 ರೂಪಾಯಿಯಿಂದ 286ಕ್ಕೆ ಬಂತು. ಮನೆಯಿಂದ ವ್ಯಾಪಾರ ಮಾಡುವವರಿಗೆ ಹತ್ತೊಂಬತ್ತು ರೂಪಾಯಿ ಚಿಕ್ಕ ಮಾತಲ್ಲ.

ನಮ್ಮೂರಿನ ಬೇಸಿಗೆಗೆ ಒಂದು ಎಚ್ಚರಿಕೆ. ವಿಡಿಯೋಗಳಲ್ಲಿ ಬೆಣ್ಣೆಯನ್ನು ರೂಮ್ ಟೆಂಪರೇಚರ್‌ಗೆ ತನ್ನಿ ಅನ್ನುತ್ತಾರೆ. ಅವರ ರೂಮು 20 ಡಿಗ್ರಿಯದ್ದು. ಏಪ್ರಿಲ್‌ನಲ್ಲಿ ದಾವಣಗೆರೆಯ ಅಡುಗೆಮನೆಯಲ್ಲಿ ಬೆಣ್ಣೆ ಹೊರಗಿಟ್ಟರೆ ಸ್ವಲ್ಪ ಹೊತ್ತಿಗೇ ಅಂಚು ಕರಗಿ ಎಣ್ಣೆ ಬಿಡುತ್ತದೆ. ಆಮೇಲೆ ಎಷ್ಟು ಬೀಟ್ ಮಾಡಿದರೂ ಗಾಳಿ ಹಿಡಿಯುವುದಿಲ್ಲ, ಕೇಕ್ ಕಲ್ಲಾಗುತ್ತದೆ. ಬೆರಳಿಂದ ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಎಣ್ಣೆ ಹತ್ತಬಾರದು. ಅಷ್ಟಕ್ಕೇ ಶುರುಮಾಡಿ. ಅಳತೆಯೂ ನೋಡಿಕೊಳ್ಳಿ. ಅಮೆರಿಕದವರು ಒಂದು ಸ್ಟಿಕ್ ಬೆಣ್ಣೆ ಅಂದರೆ 113 ಗ್ರಾಂ, ಒಂದು ಕಪ್ ಅಂದರೆ 227 ಗ್ರಾಂ. ನಮ್ಮ ನೂರು ಗ್ರಾಂ ಪ್ಯಾಕನ್ನು ಸ್ಟಿಕ್ ಅಂದುಕೊಂಡರೆ ಬೆಣ್ಣೆ ಕಡಿಮೆ ಬೀಳುತ್ತದೆ. ಅವರ ಅಳತೆಯಲ್ಲಿ ಬರೀ ಬೆಣ್ಣೆ ಅಂತ ಇದ್ದು, ಕೆಳಗೆ ಉಪ್ಪು ಬೇರೆ ಬರೆದಿದ್ದರೆ ಅದು ಸಾಮಾನ್ಯವಾಗಿ ಸಪ್ಪೆ ಬೆಣ್ಣೆಯ ಲೆಕ್ಕ.

ಈಗ ತುಪ್ಪ. ನನ್ನ ಹತ್ತಿರ ಕೇಕ್ ಕಲಿಯಲು ಬರುವವರು ಹೆಚ್ಚು ಕೇಳುವ ಪ್ರಶ್ನೆಯೂ ಇದೇ: ಉಪ್ಪಿನ ಬೆಣ್ಣೆ ಉಳಿದಿದೆ, ಕಾಯಿಸಿ ತುಪ್ಪ ಮಾಡಬಹುದಾ? ಮಾಡಬಹುದು. ಉಪ್ಪು ಕೊಬ್ಬಿನಲ್ಲಿ ಕರಗುವುದಿಲ್ಲವಾದ್ದರಿಂದ ಸೋಸಿದ ತುಪ್ಪ ಉಪ್ಪಾಗುವುದಿಲ್ಲ. ಆದರೆ ಕಾಯಿಸುವ ಕೆಲಸ ಸುಖವಾಗಿರುವುದಿಲ್ಲ. ಸಪ್ಪೆ ಬೆಣ್ಣೆ ಕಾಯುವಾಗ ನೋಡಿ. ಮೊದಲು ನೀರು ಆವಿಯಾಗುವ ಚಟಪಟ ಸದ್ದು. ಬಿಳಿ ನೊರೆ ಮೇಲೇಳುತ್ತದೆ, ನಿಧಾನಕ್ಕೆ ತೆಳುವಾಗುತ್ತದೆ, ತಳ ಕಾಣುತ್ತದೆ. ಸದ್ದು ಇಳಿದು ಪಾತ್ರೆ ಸುಮ್ಮನಾಗುವ ಹೊತ್ತಿಗೆ ತಳದಲ್ಲಿ ಹಾಲಿನ ಗಸಿ ಕಂದು ಬಣ್ಣಕ್ಕೆ ತಿರುಗುತ್ತಿರುತ್ತದೆ. ಆಗ ಒಂದೆರಡು ವೀಳ್ಯದೆಲೆಯೋ ನುಗ್ಗೆಸೊಪ್ಪೋ ಹಾಕಿ ಇಳಿಸಿಬಿಡಬೇಕು. ಉಪ್ಪಿನ ಬೆಣ್ಣೆಯಲ್ಲಿ ನೊರೆ ಜಾಸ್ತಿ, ಬೇಗ ತೆಳುವಾಗುವುದಿಲ್ಲ. ತಳ ಕಾಣದೆ ಬಣ್ಣ ಗೊತ್ತಾಗುವುದಿಲ್ಲ, ಗಮನ ಸ್ವಲ್ಪ ತಪ್ಪಿದರೆ ಸೀದುಹೋಗುತ್ತದೆ. ಉಪ್ಪೆಲ್ಲ ತಳದಲ್ಲಿ ಕೂರುತ್ತದೆ. ಅರ್ಧ ಕೆಜಿ ಬೆಣ್ಣೆಯ ಹತ್ತು ಗ್ರಾಂ ಉಪ್ಪು ಆ ಎರಡು ಚಮಚ ಗಸಿಯಲ್ಲೇ ಇರುತ್ತದೆ! ನಮ್ಮನೆಯಲ್ಲಿ ತುಪ್ಪ ಕಾಯಿಸಿದ ಪಾತ್ರೆಗೆ ಬಿಸಿ ಅನ್ನ ಹಾಕಿ ಕಲೆಸಿಕೊಳ್ಳಲು ಮಗಳು ಕಾದು ಕೂತಿರುತ್ತಾಳೆ. ಉಪ್ಪಿನ ಬೆಣ್ಣೆಯಾದರೆ ಆ ಅನ್ನ ಬಾಯಿಗಿಡಲಾಗದು. ತುಪ್ಪಕ್ಕೆ ಸಪ್ಪೆ ಬೆಣ್ಣೆಯೇ ಸರಿ, ಬಿಡಿ ಬೆಣ್ಣೆ ಸಿಕ್ಕರೆ ಇನ್ನೂ ಸರಿ.

ಬಿಡಿ ಬೆಣ್ಣೆ ಅಂದರೆ ಹಾಲಿಗೆ ಹೆಪ್ಪು ಹಾಕಿ, ಮೊಸರು ಕಡೆದು ತೆಗೆದದ್ದು. ಅದಕ್ಕೊಂದು ಸಣ್ಣ ಹುಳಿ ಇರುತ್ತದೆ, ಡೈರಿ ಬೆಣ್ಣೆಯಲ್ಲಿ ಅದು ಸಿಗುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೊಂದು ಉಂಡೆ ಬೆಣ್ಣೆ: ಇಲ್ಲಿ ಉಪ್ಪಿನ ಬೆಣ್ಣೆ ಯಾಕೆ ಬೇಡ ಅಂತ ತಿಂದವರಿಗೆ ಹೇಳಬೇಕಿಲ್ಲ. ಚಟ್ನಿಪುಡಿಯಲ್ಲಿ ಉಪ್ಪಿದೆ, ಖಾರವಿದೆ, ಅದನ್ನು ತಣ್ಣಗೆ ಮಾಡುವುದಕ್ಕೇ ಬೆಣ್ಣೆ ಬರುವುದು. ಚಕ್ಕುಲಿ, ಕೋಡುಬಳೆ ಹಿಟ್ಟಿಗೂ ಇದೇ ಬೆಣ್ಣೆ ಚೆನ್ನ. ಆದರೆ ಇದರಲ್ಲಿ ಮಜ್ಜಿಗೆ ನೀರು ಎಷ್ಟಿದೆ ಅಂತ ದಿನಕ್ಕೊಂದು ಲೆಕ್ಕ. ಕೊಂಡು ತಂದ ಕೂಡಲೇ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ತೆಗೆಯಿರಿ. ಚಕ್ಕುಲಿ ಹಿಟ್ಟಿಗೆ ಮೊದಲು ಬೆಣ್ಣೆ ಹಾಕಿ ತಿಕ್ಕಿ, ಆಮೇಲೆ ನೀರು ನೋಡಿಕೊಂಡು ಹಾಕಿ. ಬೆಣ್ಣೆ ಅತಿಯಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಕೇಕಿಗೆ, ಬಿಸ್ಕತ್ತಿಗೆ ಮಾತ್ರ ಬಿಡಿ ಬೆಣ್ಣೆ ಬೇಡ. ನೀರಿನ ಲೆಕ್ಕ ಸಿಗದ ಮೇಲೆ ಒಂದು ಸಲ ಬಂದ ಹದ ಇನ್ನೊಂದು ಸಲ ಬರುವುದಿಲ್ಲ, ಜೊತೆಗೆ ಆ ಹುಳಿ ವೆನಿಲಾ ಜೊತೆ ಹೊಂದುವುದಿಲ್ಲ.

ದಾವಣಗೆರೆಯವಳಾಗಿ ಬೆಣ್ಣೆ ದೋಸೆ ಬಗ್ಗೆ ಹೇಳದಿದ್ದರೆ ಹೇಗೆ? ನಮ್ಮೂರಿನ ದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿ ಬೀಳುತ್ತದೆ. ಬೆಣ್ಣೆ ಬಿಳಿಯದು, ಸಪ್ಪೆಯದು. ಜೊತೆಗೆ ಬರುವ ಆಲೂಗಡ್ಡೆ ಪಲ್ಯ ಖಾರವಿಲ್ಲದ್ದು, ಕಾಯಿ ಚಟ್ನಿ ಖಾರದ್ದು. ಹಿಟ್ಟಿನಲ್ಲಿ ಉಪ್ಪಿದೆ, ಪಲ್ಯದಲ್ಲಿದೆ, ಚಟ್ನಿಯಲ್ಲಿದೆ. ಮೇಲೆ ಉಪ್ಪಿನ ಬೆಣ್ಣೆ ಹಾಕಿದರೆ ಮೂರೂ ಹಾಳು. ಬೇರೆ ಊರುಗಳಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡು ಹಾಕಿ ಹಳದಿ ಉಪ್ಪಿನ ಬೆಣ್ಣೆಯ ಚೌಕ ಇಡುವುದನ್ನು ನೋಡಿದ್ದೇನೆ. ಅದು ರುಚಿಯಾಗಿರಬಹುದು, ಆದರೆ ನಮ್ಮೂರ ದೋಸೆ ಅಲ್ಲ. ಮನೆಯಲ್ಲಿ ಮಾಡುವವರು ಸಪ್ಪೆ ಬೆಣ್ಣೆಯನ್ನು ಹೊರಗಿಟ್ಟು ಮೆತ್ತಗೆ ಮಾಡಿಕೊಳ್ಳಿ, ದೋಸೆ ಅಂಚು ಕೆಂಪಾಗಲು ಶುರುವಾದ ಮೇಲೆ ಸುತ್ತ ಹಾಕಿ. ಮೊದಲೇ ಹಾಕಿದರೆ ಬೆಣ್ಣೆಯ ನೀರಿಗೆ ದೋಸೆ ಮೆತ್ತಗಾಗುತ್ತದೆ.

ಉಪ್ಪಿನ ಬೆಣ್ಣೆಗೆ ಅದರ ಮರ್ಯಾದೆ ಕೊಡಲೇಬೇಕು. ಬಿಸಿ ಬ್ರೆಡ್, ಬನ್, ಬೇಯಿಸಿದ ಮುಸುಕಿನ ಜೋಳ, ಪಾವ್ ಭಾಜಿ: ಇಲ್ಲೆಲ್ಲ ಅದೇ ರಾಜ. ಬ್ರೆಡ್ ಮೇಲೆ ಸಪ್ಪೆ ಬೆಣ್ಣೆ ಸವರಿ ಮಗಳಿಗೆ ಕೊಟ್ಟರೆ ಅರ್ಧ ತಿಂದು ತಟ್ಟೆ ತಳ್ಳುತ್ತಾಳೆ, ಅದು ಅವಳ ತಪ್ಪಲ್ಲ. ಬಾಳಿಕೆಯಲ್ಲೂ ಅದು ಮುಂದು. ಉಪ್ಪು ನೀರಿನ ಅಂಶದಲ್ಲಿ ಸೇರಿಕೊಂಡಿರುವುದರಿಂದ ಬೇಗ ಕೆಡಲು ಬಿಡುವುದಿಲ್ಲ. ಸಪ್ಪೆ ಬೆಣ್ಣೆ ಪ್ಯಾಕ್ ಒಡೆದ ಮೇಲೆ ನಿಧಾನ ಮಾಡುವಂತಿಲ್ಲ. ಫ್ರಿಜ್‌ನಲ್ಲಿ ಪಕ್ಕದಲ್ಲಿರುವ ದೋಸೆ ಹಿಟ್ಟಿನ ಹುಳಿ, ಬೆಳ್ಳುಳ್ಳಿ, ಕತ್ತರಿಸಿದ ಈರುಳ್ಳಿ, ಎಲ್ಲದರ ವಾಸನೆಯನ್ನೂ ಬೆಣ್ಣೆ ಎಳೆದುಕೊಳ್ಳುತ್ತದೆ. ಉಪ್ಪಿನ ರುಚಿ ಇಲ್ಲವಾದ್ದರಿಂದ ಅದು ಸಪ್ಪೆಯದರಲ್ಲಿ ಬೇಗ ಗೊತ್ತಾಗುತ್ತದೆ. ಅರ್ಧ ಕೆಜಿಯನ್ನು ತಂದ ದಿನವೇ ನೂರು ನೂರು ಗ್ರಾಂ ತುಂಡು ಮಾಡಿ, ಬಟರ್ ಪೇಪರ್ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಬೇಕಾದಾಗ ಹಿಂದಿನ ರಾತ್ರಿ ಒಂದು ತುಂಡು ಕೆಳಗೆ ಇಳಿಸಿಕೊಂಡರೆ ಸಾಕು.

ಮಾವನವರ ಬಿಪಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದನ್ನು ಬಹಳ ಮನೆಗಳಲ್ಲಿ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ದೋಸೆ ಮೇಲೆ ಹಾಕುವ 10 ಗ್ರಾಂ ಉಪ್ಪಿನ ಬೆಣ್ಣೆಯಲ್ಲಿ ಉಪ್ಪು 0.2 ಗ್ರಾಂ. ಅದಕ್ಕಿಂತ ಊಟದ ಜೊತೆಗಿನ ಉಪ್ಪಿನಕಾಯಿ, ಹಪ್ಪಳದಲ್ಲಿ ಎಷ್ಟೋ ಜಾಸ್ತಿ ಇದೆ. ಆದರೂ ಅವರಿಗೆ ಸಪ್ಪೆಯದನ್ನೇ ಹಾಕುತ್ತೇನೆ. ದೋಸೆಯಲ್ಲಿ ಅವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಸುಮ್ನೆ ಯಾಕೆ ಹೊಟ್ಟೆಗೆ ಉಪ್ಪು ಸೇರಿಸುವುದು? ಕೊಬ್ಬು ಮಾತ್ರ ಎರಡರಲ್ಲೂ ಅಷ್ಟೇ ಇರುತ್ತದೆ. ಸಪ್ಪೆ ಅಂದಮಾತ್ರಕ್ಕೆ ಕೈ ಬಿಟ್ಟು ಹಾಕಿಕೊಳ್ಳುವಂತಿಲ್ಲ.

ಅಂಗಡಿಯಲ್ಲಿ ಇನ್ನೊಂದು ಕಡೆ ಕಣ್ಣಿಡಿ. ಬೆಣ್ಣೆಯ ಪಕ್ಕದಲ್ಲೇ, ಬೆಣ್ಣೆಯಂತೆಯೇ ಕಾಣುವ ಪ್ಯಾಕಿನಲ್ಲಿ ಮಾರ್ಜರೀನ್, ಫ್ಯಾಟ್ ಸ್ಪ್ರೆಡ್ ಇಟ್ಟಿರುತ್ತಾರೆ. ರೇಟು ಕಡಿಮೆ ಅಂತ ಕೈ ಹೋಗುತ್ತದೆ. ಮಾರ್ಜರೀನ್ ಅಂದರೆ ಎಣ್ಣೆಯಿಂದ ಮಾಡಿದ್ದು. ಫ್ಯಾಟ್ ಸ್ಪ್ರೆಡ್‌ನಲ್ಲಿ ಕೊಬ್ಬು ಕಡಿಮೆ, ನೀರು ಜಾಸ್ತಿ. ಅದನ್ನು ಬಿಸ್ಕತ್ತಿಗೆ ಹಾಕಿದರೆ ಓವನ್ನಿನಲ್ಲಿ ಹರಡಿ ಚಪ್ಪಟೆಯಾಗುತ್ತದೆ, ಗರಿಗರಿ ಬರುವುದಿಲ್ಲ. ಬೆಣ್ಣೆ ಸಿಗದ ದಿನ ತುಪ್ಪದಲ್ಲಿ ನಾನ್‌ಕಟಾಯಿ ಮಾಡಿ, ಅದೇ ಒಳ್ಳೆಯದು. ತುಪ್ಪದಲ್ಲಿ ನೀರಿಲ್ಲವಾದ್ದರಿಂದ ನೂರು ಗ್ರಾಂ ಬೆಣ್ಣೆಯ ಬದಲಿಗೆ 80 ಗ್ರಾಂ ತುಪ್ಪ ಸಾಕು, ಬಾಯಲ್ಲಿಟ್ಟರೆ ಪುಡಿಯಾಗುವ ಹದ ಬರುತ್ತದೆ.

ಸಪ್ಪೆ ಬೆಣ್ಣೆಯ ಇನ್ನೊಂದು ತೊಂದರೆ ಅದು ಎಲ್ಲ ಕಡೆ ಸಿಗದಿರುವುದು. ನಮ್ಮ ಬೀದಿಯ ಅಂಗಡಿಯಲ್ಲಿ ಉಪ್ಪಿನದ್ದು ಯಾವಾಗಲೂ ಇರುತ್ತದೆ, ಸಪ್ಪೆಯದು ಕೇಳಿದರೆ ಯಾರೂ ತಗೊಳ್ಳಲ್ಲ ಅಕ್ಕ ಅನ್ನುತ್ತಾರೆ. ನಂದಿನಿ ಪಾರ್ಲರ್‌ಗೆ ಹೋದರೆ ಸಿಗುವ ಅವಕಾಶ ಜಾಸ್ತಿ, ದೀಪಾವಳಿ, ಕ್ರಿಸ್‌ಮಸ್ ಹತ್ತಿರ ಬಂದಾಗ ಮೊದಲೇ ಹೇಳಿ ಇಡಿಸಿಕೊಳ್ಳಿ. ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಪ್ಯಾಕಿನ ಮೂಲೆ ಒತ್ತಿ ನೋಡಿ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಬೆಣ್ಣೆಯ ಪ್ಯಾಕ್ ಆಕಾರ ಕೆಟ್ಟು ಸೊಟ್ಟಗಿರುತ್ತದೆ, ಒಡೆದರೆ ಒಳಗೆ ನೀರಿನ ಹನಿ ನಿಂತಿರುತ್ತದೆ. ಅಂಥದ್ದು ಬಂದರೆ ಕೇಕಿಗೆ ಹಾಕಬೇಡಿ, ತುಪ್ಪಕ್ಕೆ ಹಾಕಿ ಕಾಯಿಸಿಬಿಡಿ.